ಬೇಡವಾಗಿದ್ದ ಗೆಲುವು

ಆಯ್ಕೆ ಸಮಿತಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರ ಕಾಲೇಜಿನ ಮಾತು ಬರುತ್ತದೋ ಆ ಕಾಲೇಜಿನವರು ಎದ್ದು ಹೊರಗೆ ಹೋಗಬೇಕು. ಸಮಿತಿಗೆ ಹೊಸದಾಗಿ ಬಂದಾಗ ಕೋಚ್ ಇದನ್ನು ಹೊಗಳಿದ್ದೇ ಹೊಗಳಿದ್ದು. ಈಗ ಅದೇ ನಿಯಮ ಅವರನ್ನು ತಂದು ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿತ್ತು. ಪಕ್ಕದಲ್ಲಿ ನೀರಿನ ಫಿಲ್ಟರ್ ತೊಟ್ಟಿಕ್ಕುತ್ತಿತ್ತು. ಮುಚ್ಚಿದ ಬಾಗಿಲ ಹಿಂದೆ ಅವರ ಹಾಕಿ ತಂಡದ ಹುಡುಗಿಯರ ಹಣೆಬರಹ ತೀರ್ಮಾನವಾಗುತ್ತಿತ್ತು.

ನಿಜ ಹೇಳಬೇಕೆಂದರೆ, ಅದು ಆಗಲೇ ತೀರ್ಮಾನವಾಗಿಹೋಗಿದೆಯೆಂದು ಅವರಿಗೆ ಗೊತ್ತಿತ್ತು.

ಕಾಲೇಜು ಹಾಕಿ ಚಾಂಪಿಯನ್‌ಶಿಪ್ಪಿಗೆ ಹದಿನಾರು ತಂಡ. ವಲಯ ಗೆದ್ದವರು ನೇರ ಒಳಗೆ. ಉಳಿದ ಜಾಗಕ್ಕೆ ಸಮಿತಿ ಆರಿಸುತ್ತದೆ. ಎಷ್ಟು ಗೆದ್ದಿರಿ ಎನ್ನುವುದಕ್ಕಿಂತ ಯಾರ ಮೇಲೆ ಗೆದ್ದಿರಿ ಎಂದು ನೋಡುತ್ತಾರೆ. ಮೊದಲ ಇಪ್ಪತ್ತು ಸ್ಥಾನದೊಳಗಿನ ತಂಡವನ್ನು ಸೋಲಿಸಿದರೆ ಆ ಗೆಲುವಿಗೆ ಎರಡರಷ್ಟು ಬೆಲೆ. ಅದೂ ಆಡಿದ ದಿನದ ಸ್ಥಾನವಲ್ಲ, ಆಯ್ಕೆಯ ದಿನದ್ದು. ಕೋಚ್ ತಂಡದ ಬಂಡವಾಳವೆಲ್ಲ ಹೊಳೆಯಾಚೆಯ ಕಾಲೇಜಿನ ಮೇಲೆ ಗೆದ್ದ ಎರಡು ಪಂದ್ಯ. ಆ ಕಾಲೇಜು ಇಪ್ಪತ್ತನೆಯ ಸ್ಥಾನದಲ್ಲಿ ತೂಗಾಡುತ್ತಿತ್ತು.

ಹೋದ ವಾರ ಸೀಸನ್ನಿನ ಕೊನೆಯ ಪಂದ್ಯ, ಮತ್ತೆ ಅದೇ ತಂಡದ ಜೊತೆ. ಮುಗಿಯಲು ಕೆಲವೇ ನಿಮಿಷ, ಒಂದಕ್ಕೊಂದು ಸಮ. ಕೋಚ್ ಸುಮ್ಮನಿದ್ದರೆ ಸಾಕಿತ್ತು, ಆದರೆ ಅವರ ಕೈ ಸುಮ್ಮನಿರಬೇಕಲ್ಲ. ಗೋಲ್‌ಕೀಪರನ್ನು ಹೊರಗೆ ಕರೆದು ಅವಳ ಬದಲಿಗೆ ಇನ್ನೊಬ್ಬ ಫಾರ್ವರ್ಡ್ ಆಟಗಾರ್ತಿಯನ್ನು ಇಳಿಸಿದರು. ಗೋಲ್‌ಕೀಪರ್ ಬೇರೆ ಯಾರೂ ಅಲ್ಲ, ಅವರ ಮಗಳೇ. ಕಾಲೇಜಿನಲ್ಲೆಲ್ಲ ‘ಗೋಡೆ’ ಎಂದೇ ಹೆಸರಾದವಳು, ಕೊನೆಯ ವರ್ಷದ ವಿದ್ಯಾರ್ಥಿನಿ.

“ಸಮ ಆದ್ರೆ ಆಗ್ಲಿ ಬಿಡಪ್ಪ. ಸಾಕು ನಮಗೆ,” ಎಂದಳು ಅವಳು, ಹೆಲ್ಮೆಟ್ ತೆಗೆಯದೆಯೇ.

“ಗೆಲ್ಲೋಕೆ ಬಂದಿರೋದು ನಾವು. ಬಾ ಈಚೆ.”

ಗೋಲು ಬಿತ್ತು. ಹುಡುಗಿಯರು ಕೋಚನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಮಗಳು ಪ್ಯಾಡ್ ಬಿಚ್ಚದೆ ಗೆರೆಯಾಚೆ ನಿಂತು ಚಪ್ಪಾಳೆ ತಟ್ಟಿದಳು. ಅವತ್ತು ಕೋಚ್ ಬೀಗಿದ್ದನ್ನು ನೋಡಬೇಕಿತ್ತು. ಹೊಸ ಸದಸ್ಯರಿಗೆ ಆಯ್ಕೆಯ ನಿಯಮವನ್ನು ಬಿಡಿಸಿ ಹೇಳುತ್ತಿದ್ದವರೇ ಅವರು. ಮೈದಾನಕ್ಕಿಳಿದ ಮೇಲೆ ಮಾತ್ರ ಆ ನಿಯಮ ಅವರ ತಲೆಯೊಳಗೆ ಸುಳಿಯಲೂ ಇಲ್ಲ.

ಈ ಬೆಳಿಗ್ಗೆ ಸಮಿತಿಯ ಮೊದಲ ಕೆಲಸ, ಮೊದಲ ಇಪ್ಪತ್ತನ್ನು ಖಚಿತ ಮಾಡುವುದು. ಹೋದ ವಾರದ ಸೋಲಿನಿಂದ ಹೊಳೆಯಾಚೆಯ ಕಾಲೇಜು ಇಪ್ಪತ್ತೊಂದಕ್ಕೆ ಜಾರಿತ್ತು. ಅದನ್ನು ಜಾರಿಸಿದ್ದು ತಮ್ಮದೇ ಗೋಲು ಎಂದು ಕೋಚ್‌ಗೆ ಹೊಳೆದದ್ದು ಆಗಲೇ. ಒಪ್ಪಿಗೆ ಇರುವವರು ಕೈ ಎತ್ತಿ ಎಂದರು ಅಧ್ಯಕ್ಷೆ. ಲೆಕ್ಕ ಸರಿಯಾಗಿತ್ತು, ಎತ್ತದೆ ವಿಧಿಯಿರಲಿಲ್ಲ. ಎತ್ತಿದರು. ಅಲ್ಲಿಗೆ ಮೂರು ಗೆಲುವೂ ಮಾಮೂಲಿ ಗೆಲುವಾದವು. ಸಮ ಮಾಡಿಕೊಂಡಿದ್ದರೆ ಆ ಕಾಲೇಜು ಇಪ್ಪತ್ತರಲ್ಲೇ ಉಳಿಯುತ್ತಿತ್ತು, ಇವರ ಹುಡುಗಿಯರು ಆರಾಮವಾಗಿ ಒಳಗಿರುತ್ತಿದ್ದರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡಿದ್ದರು, ಅದೂ ಹುಡುಗಿಯರ ಹೆಗಲ ಮೇಲೆ ಕುಳಿತು.

ಬಾಗಿಲು ತೆರೆಯಿತು. ಅಧ್ಯಕ್ಷೆಯೇ ಎದ್ದು ಬಂದಿದ್ದರು. ಅವರು ಹಳೆಯ ಅಂಪೈರ್, ಸುತ್ತಿಬಳಸಿ ಮಾತಾಡುವ ಜಾಯಮಾನದವರಲ್ಲ.

“ಹದಿನೇಳನೇದು ನಿಮ್ಮದು, ಸರ್. ಆ ಗೆಲುವುಗಳು ಎರಡರಷ್ಟಾಗಿ ಲೆಕ್ಕಕ್ಕೆ ಸಿಕ್ಕಿದ್ರೆ...”

“ಗೊತ್ತು, ಮೇಡಂ.”

ಒಂದು ನಿಮಿಷ ಬಿಟ್ಟು ಬರುತ್ತೇನೆಂದು ಹೇಳಿ ಕೋಚ್ ಮಗಳಿಗೆ ಫೋನ್ ಮಾಡಿದರು. ಬೇರೆಯವರ ಬಾಯಿಂದ ಅವಳಿಗೆ ತಿಳಿಯುವುದು ಬೇಡವಾಗಿತ್ತು. ಏನನ್ನೂ ಮುಚ್ಚಿಡಲಿಲ್ಲ. ಇಪ್ಪತ್ತು, ಇಪ್ಪತ್ತೊಂದು, ಕೊನೆಯ ಗೋಲು, ಎಲ್ಲವನ್ನೂ ಹೇಳಿದರು. ಬೈಯಲಿ ಎಂದು ಕಾದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಬೈಯಲಿಲ್ಲ.

“ಹಾಗಾದ್ರೆ ನಂದು ಅದೇ ಕೊನೇ ಮ್ಯಾಚು ಅಲ್ವಾಪ್ಪ?” ಎಂದಳು. “ಅದು ಮುಗಿದಾಗ ನಾನು ಹೊರಗಡೆ ನಿಂತಿದ್ದೆ.”

ಕೋಣೆಯಿಂದ ಯಾರೋ ಕೋಚನ್ನು ಕರೆದರು. ಇನ್ನು ಅವರ ಕಾಲೇಜಿನ ಮಾತು ಬರುವಂತಿರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಅವರು ಒಳಗೆ ಕೂರಬಹುದಿತ್ತು.