ಸಿದ್ದುಗೆ ಗೊತ್ತಿದ್ದ ಮುಖ

ಮಸ್ಕಿಗೆ ಹೊರಟ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡೆ, ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಉಟ್ಟೆ, ಪೌಡರನ್ನೂ ಬಳಿದುಕೊಂಡೆ. ತಮ್ಮನ ಹೆಂಡತಿ ಜ್ಯೋತಿ ಬಾಗಿಲಲ್ಲಿ ನಿಂತು, "ಯಾರನ್ನ ನೋಡಾಕ ಹೊಂಟೀ ಅಕ್ಕ, ಇಷ್ಟ್ ಸಿಂಗಾರ ಮಾಡ್ಕೊಂಡು?" ಎಂದು ನಕ್ಕಳು. ನಗಲಿ. ಸಿದ್ದು ನನ್ನ ಮುಖವನ್ನು ಮೊದಲ ಸಲ ನೋಡುವವನಿದ್ದ. ಚೆನ್ನಾಗಿ ಕಾಣಬೇಕೆಂದು ಆಸೆಪಟ್ಟರೆ ತಪ್ಪೇನು?

ಸಿದ್ದು ನನ್ನ ಮಗನಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ನಾನು ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದೆ. ಅವನ ತಾಯಿ ಶಿವಕುಮಾರಿ ನಮ್ಮ ವಾರ್ಡಿನಲ್ಲಿ ಆಕ್ಸಿಜನ್ ಮೇಲೆ, ತಂದೆ ಲಿಂಗಸೂಗೂರಿನಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿ. ಕೂಸಿಗೆ ಮಾತ್ರ ರೋಗ ತಗುಲಿರಲಿಲ್ಲ. ಸಾಲಗುಂದದ ಬಂಧುಗಳು ಫೋನಿನಲ್ಲಿ ಕಣ್ಣೀರು ಹಾಕಿದರೇ ಹೊರತು, ಅದನ್ನು ಒಯ್ಯಲು ಒಬ್ಬರೂ ಬರಲಿಲ್ಲ. ಕೊನೆಗೆ ಶಿವಕುಮಾರಿ ಮಂಚದ ಮೇಲಿಂದಲೇ ನನ್ನನ್ನು ಕರೆದಳು. ನಾನೋ, ತಲೆಯಿಂದ ಪಾದದವರೆಗೆ ಬಿಳಿ ಪ್ಲಾಸ್ಟಿಕ್ಕಿನ ಉಡುಪು, ಮೂಗು ಬಾಯಿಗೆ ಮಾಸ್ಕು. ಕಾಣುತ್ತಿದ್ದುದು ಎರಡು ಕಣ್ಣಷ್ಟೇ. ಆಕೆ ಹೆಸರನ್ನೂ ಕೇಳಲಿಲ್ಲ. "ಆಯಾ, ನೋಡ್ಕೋರಿ" ಎಂದಳು. ಹತ್ತು ತಿಂಗಳ ಕೂಸನ್ನು ಗುರುತು ಪರಿಚಯ ಇಲ್ಲದವರಿಗೆ ಯಾರಾದರೂ ಹಾಗೆ ಕೊಡುತ್ತಾರೆಯೇ? ಆಕೆ ಕೊಟ್ಟಳು.

ಹತ್ತಿರ ಹತ್ತಿರ ಒಂದು ತಿಂಗಳು ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ನಾವಿಬ್ಬರೇ. ಹಾಲು ಕುಡಿಸಿದೆ, ಒದ್ದೆ ಬಟ್ಟೆ ಬದಲಿಸಿದೆ, ಎದೆಯ ಮೇಲೆ ಮಲಗಿಸಿಕೊಂಡೆ. ಅವನು ಮಾಸ್ಕನ್ನು ಹಿಡಿದು ಜಗ್ಗುತ್ತಿದ್ದ, ನಾನು ಬಿಡುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಯಾವುದೂ ಇಲ್ಲ. ಆ ಕೊರಗು ಎಂದೋ ತೀರಿತೆಂದುಕೊಂಡಿದ್ದೆ. ಶಿವಕುಮಾರಿ ಗುಣವಾಗಿ ಅವನನ್ನು ಕರೆದುಕೊಂಡು ಹೋದ ದಿನ ನನಗೆ ಊಟ ಸೇರಲಿಲ್ಲ. ಆಮೇಲೂ ತೋಳು ಬರಿದು ಬರಿದು ಅನ್ನಿಸುತ್ತಿತ್ತು. ಊರಿನ ಜನ ಮಾಸ್ಕ್ ಕಿತ್ತೆಸೆದು ತಿರುಗಾಡತೊಡಗಿದ ಮೇಲೆ ತಡೆಯಲಾಗದೆ ಬಸ್ ಹತ್ತಿಬಿಟ್ಟೆ.

ಅವರದು ಮಸ್ಕಿಯಲ್ಲಿ ಬಟ್ಟೆ ಅಂಗಡಿ, ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದವಳು ಶಿವಕುಮಾರಿಯೇ. ಸೊಂಟದ ಮೇಲೆ ಸಿದ್ದು. ಗಲ್ಲ ತುಂಬಿಕೊಂಡಿದ್ದ, ಕಾಲಿಗೆ ಗೆಜ್ಜೆ ಬಂದಿತ್ತು. ನಾನು ಬಾಯಿ ತುಂಬ ನಕ್ಕು ಕೈ ಚಾಚಿದೆ. ನನ್ನ ಎಲೆಯಡಿಕೆಯ ಹಲ್ಲು ಕಂಡಿತೋ ಏನೋ, ಅವನು ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಕಿರುಚತೊಡಗಿದ.

"ಯಾರ್ರೀ ನೀವು?"

"ಸಿಂಧನೂರಿನ ಆಯಾ, ತಂಗಿ. ಗದ್ದೆಮ್ಮ ಅಂತ. ದವಾಖಾನಿಯಾಗ ಕೂಸಿನ್ನ ನೋಡ್ಕೊಂಡಾಕಿ."

ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. ಮಕ್ಕಳ ಕಳ್ಳರು ಬಂದಿದ್ದಾರೆಂದು ಆ ವಾರವೆಲ್ಲ ಊರಲ್ಲಿ ಸುದ್ದಿ ಹಬ್ಬಿತ್ತಂತೆ. "ಆ ಆಯಾನ ಮುಖ ನಾ ನೋಡೇ ಇಲ್ರೀ. ಹೆಸರೂ ಗೊತ್ತಿಲ್ಲ. ಯಾರರೆ ಬಂದು ನಾನೇ ಆಕಿ ಅಂದ್ರ ಹೆಂಗ್ ನಂಬೂದು? ಕೂಸು ನೋಡಿದ್ರ ಹಿಂಗ ಅಂಜಾಕತ್ತೈತಿ."

ಸಿಟ್ಟು ನೆತ್ತಿಗೇರಿತು. ಮುಖ ಮುಚ್ಚಿಕೊಂಡಿದ್ದಾಗ ಕೂಸನ್ನೇ ಕೊಟ್ಟವಳು, ಮುಖ ತೋರಿಸಿದರೆ ಬಾಗಿಲು ಹಾಕಲು ನೋಡುತ್ತಾಳೆ. ಹೋಗಲಿ ಇವಳ ಸಹವಾಸ ಎಂದು ತಿರುಗಿಯೂ ಬಿಟ್ಟೆ. ಆದರೆ ಅವನ ಅಳು ಬೆನ್ನಿಗೆ ಬಿತ್ತು. ಹಸಿದಾಗ ಹೇಗೆ ಅಳುತ್ತಾನೆ, ಹೆದರಿದಾಗ ಹೇಗೆ ಅಳುತ್ತಾನೆ, ನನಗೆ ಗೊತ್ತು. ಇದು ಹೆದರಿದ ಅಳು, ಅದೂ ನನ್ನನ್ನು ನೋಡಿ. ಹಾಗೆ ಅಳಿಸಿ ಹೋಗಲು ಕಾಲು ಬರಲಿಲ್ಲ.

ಸೆರಗನ್ನು ಮೂಗಿನ ಮೇಲಕ್ಕೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿದೆ. ಮಕ್ಕಳ ಕಳ್ಳಿ ಇರಬಹುದು ಎನ್ನುವವರ ಮುಂದೆ ಯಾರೂ ಮಾಡಬಾರದ ಕೆಲಸ. ಎದುರು ಮನೆಯ ಕಟ್ಟೆಯಿಂದ ಮುದುಕನೊಬ್ಬ, ಕರಿಬಸಯ್ಯ ಅಂತ ಆಮೇಲೆ ತಿಳಿಯಿತು, ಕೋಲು ಹಿಡಿದು ಇಳಿದೇಬಿಟ್ಟ. "ಏ, ಮುಖ ಯಾಕ ಮುಚ್ಚಾಕತ್ತಿ? ತಗಿ ಮೊದ್ಲ." ನಾನು ಅವನತ್ತ ನೋಡಲೂ ಇಲ್ಲ.

"ಸಿದ್ದೂ" ಎಂದೆ.

ಅಳು ನಿಂತಿತು. ಬಿಕ್ಕುತ್ತಲೇ ನನ್ನ ಕಣ್ಣನ್ನು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ತಾಯಿಯ ಸೊಂಟದಿಂದ ಮೈಯನ್ನೆಲ್ಲ ಇತ್ತ ಚೆಲ್ಲಿ ಎರಡೂ ಕೈ ಚಾಚಿದ. ಶಿವಕುಮಾರಿಯೂ ಈಗ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಕೂಸನ್ನು ನನ್ನ ತೋಳಿಗೆ ಹಾಕಿ, "ಒಳಗ ಬರ್ರಿ ಅಕ್ಕ" ಎಂದಳು. ಕರಿಬಸಯ್ಯ ಕೋಲೂರಿಕೊಂಡು ಕಟ್ಟೆಗೆ ವಾಪಸಾದ.

ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದಳು, ಚಹಾ ತಂದಿಟ್ಟಳು. ಸಿದ್ದು ನನ್ನ ಎದೆಗೆ ಅಂಟಿಕೊಂಡಿದ್ದ. "ಸೆರಗು ತಗೀರಿ ಅಕ್ಕ. ನಿಮ್ಮ ಮುಖ ನಾನೂ ಸರಿಯಾಗಿ ನೋಡ್ಲಿಲ್ಲ" ಎಂದಳು. ಮೆಲ್ಲಗೆ ಇಳಿಸಿದೆ. ಸಿದ್ದುವಿನ ಬಾಯಿ ಸೊಟ್ಟಗಾಯಿತು, ಗಲ್ಲ ನಡುಗಿತು. ಸರಕ್ಕನೆ ಸೆರಗನ್ನು ಮತ್ತೆ ಮೇಲೆಳೆದುಕೊಂಡೆ.

"ಅಳ್ಲಿ ಬಿಡ್ರಿ. ರೂಢಿ ಆಕೈತಿ. ನೀವು ಬಂದು ಹೋಗಿ ಮಾಡಿದ್ರ ಗುರ್ತ ಹಿಡೀತಾನ."

ಅವಳು ಹೇಳಿದ್ದು ಖರೆ. ಅವನು ನನ್ನ ಮುಖ ನೋಡಲಿ ಎಂದೇ ತಾನೇ ನಾನು ಬಂದದ್ದು. ಆದರೆ ಅವನು ಕಣ್ಣು ಮುಚ್ಚುತ್ತಿದ್ದ, ಉಸಿರು ನನ್ನ ಕುತ್ತಿಗೆಗೆ ಬೆಚ್ಚಗೆ ತಾಗುತ್ತಿತ್ತು.

"ಚಾ ಆರಾಕತ್ತೈತಿ ಅಕ್ಕ."

"ಇರ್ಲಿ ತಂಗಿ" ಎಂದೆ, ಸೆರಗನ್ನು ಮೂಗಿನ ಮೇಲೆ ಹಾಗೇ ಹಿಡಿದು. "ಬಸ್ಸಿಗೆ ಹೋಗೂಮುಂದ ಕುಡೀತೀನಿ."