ಸಲಿಕೆಯ ಸರದಿ

“ಲೋ ಹೆಗ್ಗಣ, ಏನೋ ಅದು, ನಿಮ್ಮಪ್ಪನ ಅರಮನೆಗೆ ಪಾಯ ತೆಗೀತಿದ್ದೀಯಾ? ಬೇಗ ತೋಡೋ ಬೋಳಿಮಗನೆ, ಹಿರಿಯಣ್ಣ ಹೊಟ್ಟೆ ಹಿಡ್ಕೊಂಡು ನಿಂತಿದ್ದಾರೆ!”

ಕೂಗಿದವನು ಗಿಣಿರಾಮ, ಯಾರ ದನಿ ಬೇಕಾದರೂ ತೆಗೆಯಬಲ್ಲ ಪುಣ್ಯಾತ್ಮ. ಪಾಳು ಗೋದಾಮಿನ ಹಿಂದೆ, ಸೊಂಟದಾಳದ ಪಾಯಿಖಾನೆ ಗುಂಡಿಯಲ್ಲಿ ನಿಂತಿದ್ದ ಹೆಗ್ಗಣ ತಲೆ ಎತ್ತಲಿಲ್ಲ. ಅವನ ಅಪ್ಪ ಧಣಿಯ ಮನೆಯ ಮಲದ ಗುಂಡಿಗೆ ಇಳಿದವನು ಮೇಲೆ ಬಂದಿರಲಿಲ್ಲ. ಧಣಿ ಮೂಗಿಗೆ ಕರವಸ್ತ್ರ ಹಿಡಿದು, “ಕೆಲಸ ಅರ್ಧಕ್ಕೇ ಬಿಟ್ಟು ಸತ್ತನಲ್ಲೋ, ಉಳಿದದ್ದನ್ನ ನೀನು ಮುಗಿಸು” ಎಂದಿದ್ದ. ಅವತ್ತೇ ಮಗ ಬಂದೂಕು ಹುಡುಕಿಕೊಂಡು, ಧಣಿಗಳ ಮೇಲೆ ತಿರುಗಿಬಿದ್ದ ಈ ಪಡೆಗೆ ಬಂದ. ಕಸುಬು ಕೇಳಿದರು. ಸಲಿಕೆ ಕೊಟ್ಟರು.

“ತಮ್ಮಾ, ನಮ್ಮಲ್ಲಿ ಮೇಲು ಕೀಳು ಇಲ್ಲ. ನಿಂಗೆ ಬರೋದು ನೀನ್ಮಾಡು, ನಂಗೆ ಬರೋದು ನಾನು,” ಎಂದಿದ್ದ ಪಡೆಯ ನಾಯಕ ಹಿರಿಯಣ್ಣ. ಅವನಿಗೆ ಬರುತ್ತಿದ್ದುದು ಭಾಷಣ.

ಧಣಿಗಳಿಗೆಂದು ಪೇಟೆಯಲ್ಲಿ ಬಾಂಬಿಟ್ಟರು. ಅದು ನಸುಕಿನಲ್ಲೇ ಸಿಡಿದಾಗ ಧಣಿಗಳಿನ್ನೂ ಹಾಸಿಗೆ ಬಿಟ್ಟಿರಲಿಲ್ಲ; ಸತ್ತವರು ಕಸ ಗುಡಿಸುವ ಹೆಂಗಸರು. ಅದಕ್ಕೂ ಒಂದು ಭಾಷಣವಾಯಿತು. ಕೇಳಲಾರದೆ ಪಡೆಯನ್ನೇ ಬಿಟ್ಟು ಎದ್ದು ಹೊರಟ ಸಂಗಾತಿ ದರ್ಜಿಯೊಬ್ಬನ ಬೆನ್ನಿಗೆ ಗುಂಡು ಬಿತ್ತು. ಗುಂಡು ಹಾರಿಸುವುದಕ್ಕೆ ನೂಕುನುಗ್ಗಲು. ಗುಂಡಿ ತೋಡುವುದಕ್ಕೆ ನರಪಿಳ್ಳೆಯಿಲ್ಲ. ಹೆಗ್ಗಣನೇ ತೋಡಿದ, ಹೆಗ್ಗಣನೇ ಮುಚ್ಚಿದ.

ಪಾಯಿಖಾನೆ ಗುಂಡಿ ಮುಗಿದ ಸಂಜೆ ತಗಡಿನ ಗೋಡೆಯಾಚೆಯಿಂದ ಹಿರಿಯಣ್ಣನ ದನಿ ಕೇಳಿಸಿತು. ಅದೇ ಕೆಮ್ಮು, ಅದೇ ರಾಗ: “ಸಂಗಾತಿಗಳೇ... ಹ್ಞೂಂ... ನಾಳೆಯಿಂದ ಗುಂಡಿ ತೋಡೋದು ಸರದಿ ಮೇಲೆ. ಮೊದಲನೇ ಸರದಿ ನಂದೇ!”

ಗಿಣಿರಾಮನ ಗಂಟಲೆಂದು ಎಲ್ಲರಿಗೂ ಗೊತ್ತು, ಹೆಗ್ಗಣನೊಬ್ಬನನ್ನು ಬಿಟ್ಟು. ಅವನ ಕಣ್ಣು ತುಂಬಿತು. ಬೆಳಗ್ಗೆ ಸಲಿಕೆ ತೊಳೆದು ಒರೆಸಿ, ಎರಡೂ ಕೈಯಲ್ಲಿ ಹಿರಿಯಣ್ಣನ ಮುಂದೆ ಹಿಡಿದ.

“ತಗೊಳ್ಳಿ ಅಣ್ಣಾ. ಹಿಡಿ ಸವೆದು ನುಣ್ಣಗಾಗಿದೆ, ಬೊಬ್ಬೆ ಬರಲ್ಲ.”

ಗೋದಾಮು ಬಿದ್ದು ಬಿದ್ದು ನಕ್ಕಿತು. ಹಿರಿಯಣ್ಣ ನಗಲಿಲ್ಲ, ಸಲಿಕೆಗೆ ಒದ್ದ.

“ಎಲ್ಲಿಗೆ ತಂದ್ಯೋ ಅದನ್ನ, ಹೇಲು ಬಾಚೋ ನನ್ಮಗನೆ!” ಎಂದವನು ಮೂಗಿಗೆ ಕರವಸ್ತ್ರ ಹಿಡಿದ.

ಹೆಗ್ಗಣ ಆ ಕರವಸ್ತ್ರವನ್ನು ಒಂದು ಗಳಿಗೆ ನೋಡಿದ. ಆಮೇಲೆ ತಿರುಗಿ ಬಾಗಿಲ ಕಡೆ ನಡೆದ.

“ನಿಂತ್ಕೊಳೋ! ದರ್ಜಿ ಗತಿ ಮರೆತ್ಯಾ?”

“ಮರೆಯೋದೆಲ್ಲಿ ಬಂತಣ್ಣಾ, ಮಣ್ಣೆಳೆದೋನು ನಾನೇ ಅಲ್ವಾ? ಹೊಡೀರಿ. ಆದ್ರೆ ಬಿಸಿಲು ನೋಡಿ, ಮಧ್ಯಾಹ್ನಕ್ಕೇ ನಾರ್ತೀನಿ. ಆರಡಿ ಯಾರು ತೋಡ್ತೀರಿ? ಸರದಿ ಯಾರದು?”

ಹಿರಿಯಣ್ಣ ಗಿಣಿರಾಮನನ್ನು ನೋಡಿದ. ಗಿಣಿರಾಮ ಪಕ್ಕದವನನ್ನು. ಪಕ್ಕದವನು ಗೋಡೆಯನ್ನು. ಬಂದೂಕುಗಳೆಲ್ಲ ಎದ್ದಿದ್ದವು, ಸಲಿಕೆ ಬಿದ್ದಲ್ಲೇ ಬಿದ್ದಿತ್ತು.

ಆಗ ಹೆಗ್ಗಣನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಅಷ್ಟೂ ಬಂದೂಕುಗಳಿಗೆ ಬೆನ್ನು ಕೊಟ್ಟು ನಡೆಯುತ್ತಲೇ ನಕ್ಕ. ಅಷ್ಟು ಹೊತ್ತಿನಿಂದ ಅವನನ್ನು ನೋಡಿ ನಕ್ಕವರ ನಗೆಯನ್ನೆಲ್ಲ ಒಟ್ಟು ಮಾಡಿದರೂ ಅಷ್ಟು ಜೋರಾಗುತ್ತಿರಲಿಲ್ಲ.