ಕುದಿಸಿದರೂ ಹೋಗದ ಹಾಲು

ನಾನು ಒಂದು ನೆಲಗಪ್ಪೆ. ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಕ್ವಾರಿಯ ಹೊಂಡದಲ್ಲಿ, ಕರಿಮಣಿ ಪೋಣಿಸಿದಂಥ ಉದ್ದನೆಯ ಲೋಳೆದಾರದಲ್ಲಿ ಒಂದು ಮಣಿಯಾಗಿ ಹುಟ್ಟಿದೆ. ನಮ್ಮವ್ವ ನನ್ನ ಮುಖ ನೋಡಲಿಲ್ಲ. ಮೊಟ್ಟೆಯೊಳಗೆ ಒಂದಿಷ್ಟು ವಿಷವಿಟ್ಟು ಹೋದಳು. ಕೊಡುವುದಕ್ಕೆ ಅವಳ ಬಳಿ ಬೇರೇನಿತ್ತು? ಬಾಲ ಕರಗಿ ಕಾಲು ಮೂಡಿದ ಮೇಲೆ ಕಣ್ಣಿನ ಹಿಂದೆ ಎರಡು ಉಬ್ಬು ಎದ್ದವು. ನನ್ನದೇ ಮೈಯ ಕೊಬ್ಬಿನಿಂದ ನಾನೇ ಅಲ್ಲಿ ವಿಷ ಮಾಡಿಕೊಳ್ಳತೊಡಗಿದೆ. ಒತ್ತಿದರೆ ಹಾಲಿನಂತೆ ಒಸರುತ್ತಿತ್ತು. ಒಮ್ಮೆ ನಾಯಿಯೊಂದು ಬಾಯಿ ಹಾಕಿ, ನೊರೆ ಕಾರುತ್ತ ಓಡಿತು. ಆ ದಿನ ನಾನು ಬೀಗಿದ್ದು ನಿಜ.

ಆಮೇಲೆ ನಾನೂ ನನ್ನ ಜೊತೆಗಾತಿಯೂ ಭರಮಪ್ಪನ ತಗಡಿನ ಶೆಡ್ಡಿನಲ್ಲಿ, ನೀರಿನ ಕೊಡದ ಅಡಿಯ ತಂಪಿಗೆ ಸೇರಿಕೊಂಡೆವು. ಭರಮಪ್ಪ ಪಕ್ಕದ ಹೊಸ ಕ್ವಾರಿಯಲ್ಲಿ ಕಲ್ಲು ಕೊರೆಯುವವನು. ಧೂಳು ಎದೆ ತುಂಬಿ, ನಾಲ್ಕು ಹೆಜ್ಜೆಗೆ ಕುಳಿತುಬಿಡುತ್ತಿದ್ದ. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವನ ಪಾದಗಳು; ಅವು ದಿನದಿನಕ್ಕೆ ತೆಳ್ಳಗಾದವು. ಅವನ ಹೆಂಡತಿ ದ್ಯಾಮವ್ವ ಕಂಡವರನ್ನೆಲ್ಲ ಮದ್ದು ಕೇಳುತ್ತಿದ್ದಳು. ಗದ್ದೆಯ ನಾಡಿನಿಂದ ದುಡಿಯಲು ಬಂದಿದ್ದ ನೆರೆಯವಳು, ತಮ್ಮೂರಲ್ಲಿ ದಮ್ಮಿಗೆ ಕಪ್ಪೆಯ ಸಾರು ಕೊಡುತ್ತಾರೆ ಎಂದಳು. ಅವಳು ಹೇಳಿದ್ದು ನುಣ್ಣನೆ ಮೈಯ, ಜಿಗಿಯುವ ಹಸಿರು ಕಪ್ಪೆ. ಆ ಕಲ್ಲುನೆಲದಲ್ಲಿ ಅದು ಎಲ್ಲಿಂದ ಬರಬೇಕು? ದ್ಯಾಮವ್ವ ಕೊಡ ಸರಿಸಿ ನಮ್ಮಿಬ್ಬರನ್ನೂ ಚೀಲಕ್ಕೆ ಹಾಕಿದಳು.

“ಏನಲೇ, ಮಳಿಗಂತ ಕಪ್ಪಿ ಲಗ್ನ ಮಾಡಾಕಿ ಏನು?” ಭರಮಪ್ಪ ಕೆಮ್ಮಿನ ನಡುವೆ ನಕ್ಕ.

“ಹೂಂ, ನೀನ ಬೀಗ. ಸುಮ್ಮನ ಕುಂದರು.”

“ಮೈತುಂಬ ಗುಳ್ಳಿ ಅದಾವಲ್ಲ.”

“ಮುದುಕಿ ಇರಬೇಕು. ಕುದಿಸಿದ್ರ ಎಲ್ಲಾ ಹೋಗತೈತಿ.”

ಮೊದಲು ಜೊತೆಗಾತಿಯನ್ನು ತೆಗೆದಳು. ಚೀಲದೊಳಗೆ ಕುಳಿತು ನಾನು ಸಾರಿನ ಕೊತಕೊತ ಕೇಳಿದೆ. ದ್ಯಾಮವ್ವ ತಾನೊಂದು ತೊಟ್ಟೂ ಕುಡಿಯದೆ ಎಲ್ಲವನ್ನೂ ಗಂಡನಿಗೇ ಬಗ್ಗಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಅವನಿಗೆ ವಾಂತಿ. ಬಳಿಕ ತಣ್ಣನೆ ಬೆವರು.

ದವಾಖಾನೆಯಲ್ಲಿ ಏನು ತಿಂದ ಎಂದು ಕೇಳಿದಾಗ ದ್ಯಾಮವ್ವ ಚೀಲವನ್ನೇ ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ನನ್ನ ಉಬ್ಬು ಒತ್ತಿ, ಬೆಳ್ಳಗೆ ಬಂದುದನ್ನು ನೋಡಿ ದ್ಯಾಮವ್ವನ ಕಡೆ ತಿರುಗಿದಳು.

“ಗುಂಡಿಗಿಯೊಳಗ ಉಪ್ಪು ಹೊರಗ ಹಾಕೋ ಸಣ್ಣ ಸಣ್ಣ ಪಂಪ್ ಇರತಾವಬೇ. ಈ ಹಾಲು ಅವನ್ನ ಬಂದ್ ಮಾಡತೈತಿ. ಇದನ್ನ ಇಳಿಸೋ ಮದ್ದು ನಮ್ಮ ಹತ್ರ ಇಲ್ಲ.”

ಭರಮಪ್ಪನ ನಾಡಿ ನಲವತ್ತಕ್ಕಿಳಿಯಿತು. ಆಮೇಲೆ ಒಂದು ಬಡಿದು ಒಂದು ತಪ್ಪಿತು. ಹೊತ್ತು ಮುಳುಗುವ ಮೊದಲೇ ನಿಂತಿತು.

ದ್ಯಾಮವ್ವ ಅಳಲಿಲ್ಲ. “ಇನ್ನೊಂದೀಟು ಕುದಿಸಿದ್ರ ಹೋಗತಿತ್ತೇನ್ರಿ?” ಎಂದು ಕೇಳಿದಳು.

“ಇಲ್ಲಬೇ. ಎಷ್ಟ್ ಕುದಿಸಿದ್ರೂ ಹೋಗಂಗಿಲ್ಲ.”

ಗುರುತಿಗೆಂದು ಇರಿಸಿಕೊಂಡ ನನ್ನನ್ನು ಡಾಕ್ಟರಮ್ಮ ಕಾಲೇಜೊಂದಕ್ಕೆ ಕಳಿಸಿದಳು. ಅಂದಿನಿಂದ ಕಪಾಟಿನ ಮೂಲೆಯ ಗಾಜಿನ ಜಾಡಿಯಲ್ಲಿದ್ದೇನೆ. ಹೆಣ ಕೊಳೆಯದಂತೆ ಸುರಿದ ಮದ್ದುನೀರು ಮೈಬಣ್ಣವನ್ನೆಲ್ಲ ತೊಳೆದಿದೆ. ಕಚ್ಚಲು ಬರುವ ಬಾಯಿಗೆಂದು ನಾವು ಮಾಡಿಕೊಂಡ ವಿಷವನ್ನು ಉಸಿರಿಗಾಗಿ ಬಾಯ್ಬಿಟ್ಟವನು ಕುಡಿದ. ಅದರಿಂದ ಅವನೂ ಉಳಿಯಲಿಲ್ಲ, ನಾವೂ ಉಳಿಯಲಿಲ್ಲ. ವರ್ಷವರ್ಷವೂ ಮೇಷ್ಟ್ರು ಜಾಡಿ ಎತ್ತಿ, ಕಪ್ಪೆಗೂ ನೆಲಗಪ್ಪೆಗೂ ಇರುವ ಭೇದ ಹೇಳುತ್ತಾರೆ; ಮಕ್ಕಳು ಬರೆದುಕೊಂಡು ಪಾಸಾಗುತ್ತಾರೆ. ಕ್ವಾರಿಗೆ ಹೋಗಿ ಹೇಳಿದವರು ಒಬ್ಬರೂ ಇಲ್ಲ. ಅಲ್ಲಿ ಕೆಮ್ಮುವವರು ಇನ್ನೂ ಇದ್ದಾರೆ. ನಮ್ಮವರೂ ಇದ್ದಾರೆ.